ನಾಮಾಕು, ನಾಮಾಮು: ‘ನನ್ನ’ ಎಂಬುದು ಬಾಲವಾದಾಗ

ಪ್ರಶ್ನೆ: ಆಫೀಸಿನಲ್ಲಿ ಜಕಾರ್ತಾದ ಟೀಮ್ ಜೊತೆ ಕೆಲಸ ಮಾಡುತ್ತೇನೆ. ಅವರ ಭಾಷೆಯಲ್ಲಿ ‘ನಾಮಾಕು’ ಅಂದರೆ ನನ್ನ ಹೆಸರು, ‘ನಾಮಾಮು’ ಅಂದರೆ ನಿನ್ನ ಹೆಸರು ಅಂತೆ. ‘ನಾಮ’ ನಮಗೂ ಗೊತ್ತಿರುವ ಮಾತೇ. ಆದರೆ ‘ನನ್ನ’, ‘ನಿನ್ನ’ ಎಂಬುದು ಹಿಂದೆ ಬಾಲದ ಹಾಗೆ ಯಾಕೆ ಅಂಟಿಕೊಳ್ಳುತ್ತದೆ? ಬೇರೆ ಭಾಷೆಗಳಲ್ಲೂ ಹೀಗಿದೆಯಾ? ಕನ್ನಡದಲ್ಲಿ ಯಾಕಿಲ್ಲ?
– ಬೆಂಗಳೂರಿನ ಓದುಗರು

ಉತ್ತರ: ನಾಮಾ ಒಂದೇ ಅಲ್ಲ, ಇಂಡೋನೇಷ್ಯಾದ ಭಾಷೆಯಲ್ಲಿ ಸಂಸ್ಕೃತದ ಮಾತುಗಳು ಬೇಕಾದಷ್ಟಿವೆ. ‘ಗುರುಕು’ ಅಂದರೆ ನನ್ನ ಗುರು. ‘ಸುವಾಮಿಕು’ ನನ್ನ ಗಂಡ. ‘ಇಸ್ತ್ರಿಕು’ ನನ್ನ ಹೆಂಡತಿ (ಬಟ್ಟೆಗೆ ಹಾಕುವ ಇಸ್ತ್ರಿ ಅಲ್ಲ, ಸ್ತ್ರೀ). ಹೆಸರುಪದ ಹೊರಗಿನಿಂದ ಬಂದದ್ದು, ಬಾಲ ಮಾತ್ರ ಅವರ ಮನೆಯದು. ಕು ಅಂದರೆ ನನ್ನ, ಮು ಅಂದರೆ ನಿನ್ನ, ನ್ಯಾ ಅಂದರೆ ಅವನ, ಅವಳ, ಅದರ. ಅಂಗಡಿಯಲ್ಲಿ ‘ಹರ್ಗಾನ್ಯಾ ಬೆರಾಪಾ?’ ಅಂದರೆ ‘ಇದರ ಬೆಲೆ ಎಷ್ಟು?’ ಆ ಹರ್ಗಾ ಕೂಡ ಸಂಸ್ಕೃತದ ‘ಅರ್ಘ’.

ಹಿಂದೆ ಯಾಕೆ ಬರುತ್ತದೆ ಅನ್ನುವುದಕ್ಕೆ ಆ ಭಾಷೆಯ ಪದಗಳು ನಿಲ್ಲುವ ಸಾಲು ನೋಡಿ. ನಾವು ‘ಗುರುಗಳ ಪುಸ್ತಕ’ ಅನ್ನುತ್ತೇವೆ, ಅವರು ‘ಬುಕು ಗುರು’ ಅನ್ನುತ್ತಾರೆ. ಮೊದಲು ವಸ್ತು, ಆಮೇಲೆ ಒಡೆಯ. ‘ನಾನು’ ಅನ್ನುವುದಕ್ಕೆ ಅವರ ಮಾತು ‘ಆಕು’, ‘ನೀನು’ ಅನ್ನುವುದಕ್ಕೆ ‘ಕಾಮು’. ದಿನಾ ಬಾಯಲ್ಲಿ ಹೊರಳುವ ಪುಟ್ಟ ಪದಗಳು ಸವೆಯುತ್ತವೆ. ಸವೆದದ್ದು ಪಕ್ಕದ ಪದಕ್ಕೆ ಒರಗಿಕೊಳ್ಳುತ್ತದೆ. ಒಡೆಯ ಹಿಂದೆ ನಿಂತಿರುವುದರಿಂದ ಹಿಂದೆಯೇ ಅಂಟುತ್ತದೆ.

ಪೂರ್ತಿ ಅಂಟಿಲ್ಲ ಅನ್ನುವುದಕ್ಕೂ ಒಂದು ಗುರುತು ಉಂಟು. ‘ಬಾಜು’ ಅಂದರೆ ಅಂಗಿ, ‘ಬಾರು’ ಅಂದರೆ ಹೊಸದು. ನನ್ನ ಹೊಸ ಅಂಗಿ ‘ಬಾಜು ಬಾರುಕು’. ಕು ಅಂಟಿಕೊಂಡದ್ದು ಅಂಗಿಗಲ್ಲ, ಹೊಸದಕ್ಕೆ! ಸಾಲಿನ ಕೊನೆಯಲ್ಲಿ ಯಾರಿದ್ದಾರೋ ಅವರ ಹೆಗಲ ಮೇಲೆ ಕೈ ಹಾಕುತ್ತದೆ. ಫಿಲಿಪ್ಪೀನ್ಸ್‌ನ ಟಗಲಾಗ್‌ನಲ್ಲಿ ಇದರ ನಂಟ ‘ಕೋ’ ಇನ್ನೂ ಬಿಡಿ ಪದವಾಗಿಯೇ ಬರೆಯಲ್ಪಡುತ್ತದೆ.

ಈ ಕು ಎಷ್ಟು ದೂರ ಹೋಗಿದೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಆಫ್ರಿಕಾದ ಪಕ್ಕದ ಮಡಗಾಸ್ಕರ್‌ನಲ್ಲಿ ‘ನನ್ನ ಮನೆ’ ಅನ್ನುವುದನ್ನು ಅಕ್ಷರದಲ್ಲಿ ‘ಟ್ರಾನೊಕೊ’ ಎಂದು ಬರೆಯುತ್ತಾರೆ. ಅಲ್ಲಿ ಒ ಅಕ್ಷರವನ್ನು ಉ ಎಂದು ಓದುವುದರಿಂದ ಬಾಯಲ್ಲಿ ಬರುವುದು ‘ಟ್ರಾನುಕು’. ಅದೇ ಕು! ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೋರ್ನಿಯೊ ಕಡೆಯಿಂದ ಹಿಂದೂ ಮಹಾಸಾಗರ ದಾಟಿ ಹೋದವರು ತಮ್ಮ ಜೊತೆ ಇದನ್ನೂ ಒಯ್ದರು. ಡಚ್ಚರ ಫ್ರೆಡೆರಿಕ್ ಡಿ ಹೌಟ್‌ಮನ್ 1603ರಲ್ಲೇ ಮಲಯ (ಇಂಡೋನೇಷ್ಯಾದ ಭಾಷೆಯ ಬೇರು) ಮತ್ತು ಮಡಗಾಸ್ಕರ್‌ನ ಮಲಗಾಸಿ ಮಾತುಗಳನ್ನು ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಮಲಗಾಸಿಗೆ ತೀರಾ ಹತ್ತಿರದ ನಂಟು ಬೋರ್ನಿಯೊದ ಮಾಆನ್ಯಾನ್ ಭಾಷೆ ಎಂದು ನಾರ್ವೆಯ ಒಟ್ಟೊ ಕ್ರಿಶ್ಚಿಯನ್ ಡಾಲ್ 1951ರಲ್ಲಿ ತೋರಿಸಿದರು. ಮಲಗಾಸಿಯಲ್ಲಿ ಪ್ರೀತಿ ಹೇಳಿಕೊಳ್ಳುವುದಕ್ಕೂ ಈ ಬಾಲ ಬೇಕು. ‘ತಿಯಾಕು ಇಯನೌ’ ಅಂದರೆ ‘ನನಗೆ ನೀನು ಇಷ್ಟ’.

ಆದರೆ ಈ ಬಾಲದ ನಿಜವಾದ ರುಚಿ ಸಿಗುವುದು ಫಿಜಿಯಲ್ಲಿ. ಅಲ್ಲಿ ಕು ಹೋಗಿ ‘ಂಗು’ ಆಗಿದೆ. ‘ಉಲುಂಗು’ ಅಂದರೆ ನನ್ನ ತಲೆ, ‘ತಮಾಂಗು’ ಅಂದರೆ ನನ್ನ ಅಪ್ಪ. ತಲೆ, ಕೈ, ಅಪ್ಪ, ಅಮ್ಮ, ಇವಕ್ಕೆಲ್ಲ ಬಾಲ ನೇರವಾಗಿ ಅಂಟುತ್ತದೆ. ಯಾಕೆಂದರೆ ಇವನ್ನು ಕೊಂಡು ತಂದಿಲ್ಲ, ಮಾರುವ ಹಾಗೂ ಇಲ್ಲ. ಸುಮ್ನೆ ಕೈಗೆ ಬಂದ ವಸ್ತುಗಳಿಗೆ ಹಾಗೆ ಅಂಟಿಸುವಂತಿಲ್ಲ, ನಡುವೆ ಒಂದು ಪುಟ್ಟ ಪದ ಬೇಕು. ಆ ಪದವೂ ಒಂದಲ್ಲ. ತೆಂಗಿನಕಾಯಿಗೆ ಅಲ್ಲಿ ‘ನಿಯು’ ಅನ್ನುತ್ತಾರೆ. ‘ನೋಂಗು ನಿಯು’ ಅಂದರೆ ನಾನು ಒಡೆಯನಾಗಿರುವ ಕಾಯಿ, ಮಾರಲೂಬಹುದು. ‘ಕೇಂಗು ನಿಯು’ ಅಂದರೆ ನಾನು ತಿನ್ನುವ ಕಾಯಿ. ‘ಮೇಂಗು ನಿಯು’ ಅಂದರೆ ನಾನು ಕುಡಿಯುವ ಎಳನೀರು. ಒಂದೇ ಕಾಯಿ, ಮೂರು ‘ನನ್ನ’. ಇನ್ನೊಂದು ಹೇಳಿಬಿಡುತ್ತೇನೆ. ‘ಉಲುಂಗು’ ನನ್ನ ಕತ್ತಿನ ಮೇಲಿರುವ ತಲೆ. ‘ಕೇಂಗು ಉಲು’ ಅಂದರೆ ತಟ್ಟೆಯಲ್ಲಿರುವ, ನಾನು ತಿನ್ನಲು ಕೂತಿರುವ ತಲೆ, ಮೀನಿನದೋ ಇನ್ನೊಂದರದೋ. ಬಾಲ ಎಲ್ಲಿ ಹಾಕುತ್ತೀರಿ ಎಂದು ಸ್ವಲ್ಪ ನೋಡಿಕೊಂಡು ಹಾಕಬೇಕು, ಅಲ್ವಾ?

ಈಗ ಕನ್ನಡ. ‘ಕನ್ನಡದಲ್ಲಿ ಇಲ್ಲ’ ಅನ್ನುವುದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅವನು ಬಂದನು, ಅವಳು ಬಂದಳು, ಅವರು ಬಂದರು, ಅವು ಬಂದವು. ಕ್ರಿಯಾಪದದ ಬಾಲದಲ್ಲಿ ಕೂತಿರುವುದು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಹೆಸರುಪದಕ್ಕೆ ಬಂದರೆ ನಮ್ಮಲ್ಲಿ ಒಡೆಯ ಮುಂದೆ ನಿಲ್ಲುತ್ತಾನೆ, ಹಾಗಾಗಿ ಅಂಟುವುದೂ ಮುಂದೆಯೇ. ನಮ್ಮಪ್ಪ, ನಿಮ್ಮಮ್ಮ, ಅವರಣ್ಣ ಅನ್ನುತ್ತೇವೆ. ಒಬ್ಬನೇ ಮಗನಾದರೂ ‘ನಮ್ಮಪ್ಪ’ ಅನ್ನುತ್ತಾನೆ.

ಇದಕ್ಕಿಂತ ಹಳೆಯದು ಒಂದಿದೆ. ಸಂಗಂ ಕಾಲದ ತಮಿಳಿನಲ್ಲಿ ‘ಎಂದೈ’ ಅಂದರೆ ನನ್ನ ತಂದೆ, ‘ನುಂದೈ’ ನಿನ್ನ ತಂದೆ, ‘ತಂದೈ’ ಅವನ ತಂದೆ. ಹಾಗೇ ‘ಯಾಯ್’ ನನ್ನ ತಾಯಿ, ‘ಞಾಯ್’ ನಿನ್ನ ತಾಯಿ, ‘ತಾಯ್’ ಅವನ ತಾಯಿ. ತಂಗಿಗೂ ಇದೇ ಲೆಕ್ಕ: ಎಂಗೈ, ನುಂಗೈ, ತಂಗೈ. ನಮ್ಮ ತಂದೆ, ತಾಯಿ, ತಂಗಿ ಎಲ್ಲಿಂದ ಬಂದವು ಎಂದು ಈಗ ಗೊತ್ತಾಯಿತಲ್ಲ. ಮೊದಲಿನ ‘ತ’ ಹಳೆಯ ‘ತನ್ನ’. ಉಳಿದ ಎರಡು ಸಾಲು ಕಳೆದುಹೋದವು, ಮೂರನೆಯದು ಮಾತ್ರ ಗಟ್ಟಿಯಾಗಿ ನಿಂತಿತು. ಬೇರು ಹಿಡಿದು ನೋಡಿದರೆ ‘ನನ್ನ ತಂದೆ’ ಅಂದಾಗ ನಾವು ಹೇಳುತ್ತಿರುವುದು ‘ನನ್ನ ಅವನಪ್ಪ’! ಫಿಜಿಯಲ್ಲಿ ಬಾಲ ನೇರವಾಗಿ ಅಂಟುವುದು ಅಪ್ಪ, ಅಮ್ಮಂದಿರಿಗೆ. ದ್ರಾವಿಡದಲ್ಲಿ ಪದದ ಮುಂದೆ ಅಂಟಿಕೊಂಡದ್ದೂ ಅದೇ ನಂಟಿನ ಮಾತುಗಳಿಗೆ.

ಒಡೆಯ ಎಲ್ಲಿ ನಿಲ್ಲುತ್ತಾನೋ ಅಲ್ಲೇ ಅಂಟುತ್ತದೆ ಅನ್ನುವ ನನ್ನ ಲೆಕ್ಕಕ್ಕೆ ಟರ್ಕಿಯವರು ಬಗ್ಗುವುದಿಲ್ಲ. ಅವರದು ನಮ್ಮ ಹಾಗೆ ಒಡೆಯ ಮುಂದೆ ನಿಲ್ಲುವ ಭಾಷೆ. ಆದರೂ ‘ಎವ್’ ಅಂದರೆ ಮನೆ, ‘ಎವಿಮ್’ ನನ್ನ ಮನೆ. ಹಂಗೇರಿಯಲ್ಲೂ ಹಾಗೇ. ಭಾಷೆಯಲ್ಲಿ ಒಂದೇ ಲೆಕ್ಕ ಎಲ್ಲ ಕಡೆ ಕೂಡುವುದಿಲ್ಲ.

ಕೊನೆಗೆ ನಿಮ್ಮ ಕೆಲಸಕ್ಕೆ ಬೇಕಾದ ಒಂದು ಮಾತು. ಜಕಾರ್ತಾದ ಮ್ಯಾನೇಜರ್‌ಗೆ ‘ನಾಮಾಮು’ ಅನ್ನಬೇಡಿ. ಅದು ನಮ್ಮ ‘ನಿನ್ನ ಹೆಸರೇನೋ’ ಇದ್ದ ಹಾಗೆ. ಗಂಡಸಾದರೆ ‘ನಾಮಾ ಬಾಪಾಕ್ ಸಿಯಾಪಾ?’, ಹೆಂಗಸಾದರೆ ‘ನಾಮಾ ಇಬು ಸಿಯಾಪಾ?’ ಎಂದು ಕೇಳಿ. ಬಾಪಾಕ್ ಅಂದರೆ ಅಪ್ಪ, ಇಬು ಅಂದರೆ ಅಮ್ಮ. ನಿಮ್ಮ ಹೆಸರು ಹೇಳುವಾಗಲೂ ‘ನಾಮಾಕು’ ಬಿಟ್ಟು ‘ನಾಮಾ ಸಾಯಾ’ ಅನ್ನಿ. ಈ ಸಾಯಾ ಸಂಸ್ಕೃತದ ‘ಸಹಾಯ’, ಜೊತೆಗಿದ್ದು ಸೇವೆ ಮಾಡುವವನು ಎಂಬ ವಿನಯದ ‘ನಾನು’.

ಪ್ರಶ್ನೆ: ದುಬೈನಲ್ಲಿರುವ ತಮ್ಮ ಎಲ್ಲರನ್ನೂ ‘ಹಬೀಬಿ’ ಅನ್ನುತ್ತಾನೆ. ಅದರ ಕೊನೆಯ ‘ಇ’ ಕೂಡ ಇಂಥದ್ದೇ ಬಾಲವಾ?
– ಮಂಗಳೂರಿನ ಓದುಗರು

ಉತ್ತರ: ಹೌದು. ‘ಹಬೀಬ್’ ಅಂದರೆ ಪ್ರೀತಿಪಾತ್ರ, ಈ ಅಂದರೆ ನನ್ನ. ‘ಬೈತ್’ ಮನೆ, ‘ಬೈತೀ’ ನನ್ನ ಮನೆ. ನಮಗೆ ಗೊತ್ತಿರುವ ‘ಮೌಲಾನಾ’ದಲ್ಲೂ ಬಾಲವಿದೆ: ಮೌಲಾ ಅಂದರೆ ಒಡೆಯ, ನಾ ಅಂದರೆ ನಮ್ಮ. ಹಿಂದಿ ಹಾಡುಗಳಲ್ಲಿ ಬರುವ ‘ಜಾನಮ್’ ಪಾರ್ಸಿಯದು, ಜಾನ್ ಜೊತೆ ಅಮ್ ಸೇರಿ ನನ್ನ ಜೀವ. ಅದೇ ಹಾಡಿನಲ್ಲಿ ‘ಸನಮ್’ ಬಂದರೆ ಮಾತ್ರ ಮೋಸ ಹೋಗಬೇಡಿ. ಅದು ಅರಬ್ಬಿಯ ಬೇರೆ ಪದ, ವಿಗ್ರಹ ಎಂದರ್ಥ. ಅಲ್ಲಿನ ‘ಅಮ್’ ಪದದ ಒಳಗಿನದೇ, ಯಾರದೂ ಅಲ್ಲ.