ಹಳೇ ವೆಸ್ಟರ್ನ್ ಸಿನಿಮಾಗಳ ಊರುಗಳು ಯಾಕೆ ಅಷ್ಟು ಖಾಲಿ? ಕಡಿಮೆ ಖರ್ಚಿನವುಗಳಲ್ಲಿ ನೋಡುವಂಥವು ಯಾವುವು?

ನೀವು ಕೇಳಿರುವುದು ಎರಡು ವಿಷಯ. ಕಡಿಮೆ ಖರ್ಚಿನ ಹಳೇ ವೆಸ್ಟರ್ನ್‌ಗಳಲ್ಲಿ, ಅಂದರೆ ಅಮೆರಿಕದ ಕೌಬಾಯ್ ಸಿನಿಮಾಗಳಲ್ಲಿ, ಬರುವ ಕಾನೂನಿಲ್ಲದ ಊರುಗಳೆಲ್ಲ ಒಂದೇ ಥರ ಯಾಕೆ ಕಾಣುತ್ತವೆ, ಬೀದಿಯಲ್ಲಿ ಜನವೇ ಯಾಕಿರುವುದಿಲ್ಲ ಅನ್ನುವುದು ಒಂದು. ಅವುಗಳಲ್ಲಿ ಕೂತು ನೋಡುವಂಥವು ಯಾವುವು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ದುಡ್ಡಿರಲಿಲ್ಲ. ಎರಡನೆಯದಕ್ಕೂ ಉತ್ತರ ಅಲ್ಲೇ ಇದೆ. ದುಡ್ಡಿಲ್ಲ ಅನ್ನುವುದನ್ನು ಮುಚ್ಚಿಡಲು ಹೋದ ಸಿನಿಮಾಗಳು ಬೋರು ಹೊಡೆಸುತ್ತವೆ. ಅದನ್ನೇ ಕತೆಯೊಳಗೆ ಎಳೆದುಕೊಂಡವು ಇವತ್ತಿಗೂ ನಿಲ್ಲುತ್ತವೆ. ನಾನು ಆರಿಸುವುದು ಈ ಲೆಕ್ಕದಲ್ಲಿ.

1930ರ ದಶಕದಲ್ಲಿ ಅಮೆರಿಕದ ಜನರ ಕೈಯಲ್ಲಿ ಕಾಸಿರಲಿಲ್ಲ. ಥಿಯೇಟರಿನವರು ಒಂದು ಟಿಕೆಟಿಗೆ ಎರಡು ಸಿನಿಮಾ ತೋರಿಸಲು ಶುರು ಮಾಡಿದರು. ಮೊದಲನೆಯದು ದೊಡ್ಡ ಸ್ಟುಡಿಯೋದ್ದು. ಅದಕ್ಕೆ ಕಲೆಕ್ಷನ್‌ನಲ್ಲಿ ಪಾಲು. ಜೊತೆಗೆ ಬರುವ ಎರಡನೆಯದಕ್ಕೆ, ಅಂದರೆ ಬಿ ಸಿನಿಮಾಗೆ, ನಿಗದಿತ ಬಾಡಿಗೆ ಮಾತ್ರ. ಹೌಸ್‌ಫುಲ್ ಆದರೂ ಅಷ್ಟೇ, ಸೀಟುಗಳು ಖಾಲಿ ಇದ್ದರೂ ಅಷ್ಟೇ. ಹಾಗಾಗಿ ಎಷ್ಟು ಬರುತ್ತದೆ ಅಂತ ನಿರ್ಮಾಪಕನಿಗೆ ಮೊದಲೇ ಗೊತ್ತು. ಲಾಭ ಬೇಕೆಂದರೆ ಅದಕ್ಕಿಂತ ಕಡಿಮೆಯಲ್ಲಿ ಮುಗಿಸಬೇಕು. ಸಿನಿಮಾ ಎಷ್ಟೇ ಚೆನ್ನಾಗಿ ಬಂದರೂ ಅವನಿಗೆ ಜಾಸ್ತಿ ಏನೂ ಸಿಗುವುದಿಲ್ಲ.

ಈ ವ್ಯಾಪಾರಕ್ಕೆ ವೆಸ್ಟರ್ನ್ ಚೆನ್ನಾಗಿ ಹೊಂದಿತು. ಬಿಸಿಲಿಗೆ ಬಾಡಿಗೆ ಕೊಡಬೇಕಿಲ್ಲ. ಲಾಸ್ ಏಂಜಲಿಸ್‌ನಿಂದ ಸ್ವಲ್ಪ ದೂರದಲ್ಲೇ ಚಾಟ್ಸ್‌ವರ್ತ್‌ನ ಐವರ್ಸನ್ ರಾಂಚ್ ಇತ್ತು, ಅಲ್ಲಿ ಬೇಕಾದಷ್ಟು ಬಂಡೆಗಳು. ಕಟ್ಟಿಟ್ಟ ಒಂದೇ ಬೀದಿಯನ್ನು ಹತ್ತಾರು ಸಿನಿಮಾಗಳಿಗೆ ಹತ್ತಾರು ಊರು ಅಂತ ತೋರಿಸಬಹುದಿತ್ತು. ಹಾಲಿವುಡ್‌ನಲ್ಲಿ ಸನ್‌ಸೆಟ್ ಬುಲೆವಾರ್ಡ್ ಮತ್ತು ಗವರ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ನಿಜವಾದ ಕೌಬಾಯ್‌ಗಳೇ ತಮ್ಮ ಟೋಪಿ, ಬೂಟು ಹಾಕಿಕೊಂಡು ದಿನಗೂಲಿಗೆ ಕಾಯುತ್ತಿದ್ದರು. ಆ ಮೂಲೆಗೆ ಗವರ್ ಗಲ್ಚ್ ಅಂತಲೇ ಹೆಸರು ಬಿತ್ತು. ಕುದುರೆ ಹತ್ತಲು ಕಲಿಸುವ ಖರ್ಚೂ ಇಲ್ಲ, ಬಟ್ಟೆಯ ಖರ್ಚೂ ಇಲ್ಲ.

ಆದರೆ ಊರು ಅಂದಮೇಲೆ ಜನ ಬೇಕು. ಅಂಗಡಿಗೆ ಬರುವ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ಗಾಡಿ ಹೊಡೆಯುವವರು. ತಲೆಗೊಂದು ಕೂಲಿ. ಅದಕ್ಕೇ ಊರಲ್ಲಿ ಒಬ್ಬ ಶೆರಿಫ್ (ಪೊಲೀಸ್ ಅಧಿಕಾರಿ), ಒಬ್ಬ ಸಲೂನಿನವನು (ಅಲ್ಲಿ ಸಲೂನ್ ಅಂದರೆ ಹೆಂಡದಂಗಡಿ), ಒಬ್ಬ ಹುಡುಗಿ, ಅವಳ ಅಪ್ಪ, ಒಂದಷ್ಟು ರೌಡಿಗಳು ಇದ್ದರೆ ಮುಗಿಯಿತು. ಉಳಿದವರು ರೌಡಿಗಳಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದಾರೆ ಅಂತ ಕತೆಯಲ್ಲಿ ಹೇಳಿಬಿಟ್ಟರೆ ಯಾರೂ ಲೆಕ್ಕ ಕೇಳುವುದಿಲ್ಲ. ಕಾನೂನಿಲ್ಲದ ಊರಿನ ಕತೆಯೇ ಅಷ್ಟು ಸಲ ಬಂದಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ಜಾನ್ ವೇಯ್ನ್ ಹೆಸರು ಕೇಳಿರುತ್ತೀರಿ. ಅವನು ಹೀರೋ ಆಗಿ 1930ರಲ್ಲಿ ಬಂದ ದೊಡ್ಡ ಬಜೆಟ್ಟಿನ 'ದಿ ಬಿಗ್ ಟ್ರೇಲ್' ಸೋತಿತು. 1939ರ 'ಸ್ಟೇಜ್‌ಕೋಚ್' ಬರುವವರೆಗೆ ಅವನ ಹೊಟ್ಟೆಪಾಡು ನಡೆದದ್ದು ಇಂಥ ಸಣ್ಣ ಸಿನಿಮಾಗಳಲ್ಲೇ. 1933ರಿಂದ 35ರವರೆಗೆ ಲೋನ್ ಸ್ಟಾರ್ ಅನ್ನುವ ಕಂಪನಿಯ ಹೆಸರಿನಲ್ಲಿ 16 ಸಿನಿಮಾ ಮಾಡಿದ. ಒಂದೊಂದೂ ಒಂದು ಗಂಟೆಯೊಳಗೆ ಮುಗಿಯುತ್ತದೆ. ಹೆಚ್ಚಿನವನ್ನು ನಿರ್ದೇಶಿಸಿದವನು ರಾಬರ್ಟ್ ಎನ್. ಬ್ರಾಡ್‌ಬರಿ. ಪ್ರತಿ ಸಿನಿಮಾದಲ್ಲೂ ಅವೇ ಮುಖಗಳು. ಜಾರ್ಜ್ ಹೇಸ್ ಅನ್ನುವ ನಟ ಒಂದರಲ್ಲಿ ಒಳ್ಳೇ ಮುದುಕ, ಇನ್ನೊಂದರಲ್ಲಿ ಖಳನಾಯಕ. ಯಾಕಿಮಾ ಕನಟ್ ರೌಡಿಯ ಪಾತ್ರ ಮಾಡುತ್ತಲೇ ಕುದುರೆ ಸಾಹಸಗಳಲ್ಲಿ ವೇಯ್ನ್‌ಗೆ ಡೂಪ್ ಕೂಡ ಆಗುತ್ತಿದ್ದ. ಅಂದರೆ ಕೆಲವು ಕಡೆ ತನ್ನನ್ನು ತಾನೇ ಅಟ್ಟಿಸಿಕೊಂಡು ಹೋಗಿದ್ದಾನೆ!

ಇವುಗಳಲ್ಲಿ ಹೆಚ್ಚಿನವು ಸುಮ್ನೆ ಟೈಮ್ ಪಾಸ್. ಆದರೆ 1934ರ 'ರ‍್ಯಾಂಡಿ ರೈಡ್ಸ್ ಅಲೋನ್' ಶುರುವಾಗುವ ರೀತಿ ನೋಡಲೇಬೇಕು. ಹೀರೋ ಕುದುರೆ ಇಳಿದು ಸಲೂನಿನ ಒಳಗೆ ಬರುತ್ತಾನೆ. ಪಿಯಾನೋ ಬಾರಿಸುವವನಿಲ್ಲದೆ ತಾನೇ ನುಡಿಯುತ್ತಿದೆ. ನೆಲದ ಮೇಲೆ, ಮೇಜಿನ ಮೇಲೆ, ಎಲ್ಲ ಕಡೆ ಹೆಣ. ಗೋಡೆಯ ಚಿತ್ರಪಟದ ಕಣ್ಣಿನ ತೂತಿನಿಂದ ಯಾರೋ ಇಣುಕುತ್ತಿದ್ದಾರೆ. ಜನ ತುಂಬಿದ ಸಲೂನಿಗೆ ದುಡ್ಡಿಲ್ಲ, ಹಾಗಾಗಿ ಸತ್ತವರ ಸಲೂನು ತೋರಿಸಿದ್ದಾರೆ. ಆಮೇಲಿನ ಕತೆ ಆ ಮಟ್ಟದಲ್ಲಿ ನಿಲ್ಲುವುದಿಲ್ಲ ಅನ್ನಿ. ಅದೇ ವರ್ಷದ 'ದಿ ಸ್ಟಾರ್ ಪ್ಯಾಕರ್' ಇನ್ನೂ ವಿಚಿತ್ರ. ಊರನ್ನು ಆಳುವ ಖಳ ಯಾರಿಗೂ ಮುಖ ತೋರಿಸುವುದಿಲ್ಲ. ಗೋಡೆಯಲ್ಲಿನ ತಿಜೋರಿಯ ಹಿಂದಿನಿಂದ ಅಪ್ಪಣೆ ಕೊಡುತ್ತಾನೆ. ಬೀದಿಯಲ್ಲಿರುವ ಟೊಳ್ಳು ಮರದ ಬೊಡ್ಡೆಯೊಳಗಿಂದ ಗುಂಡು ಹಾರುತ್ತದೆ. ಮಕ್ಕಳ ಕತೆಯ ಥರ ಇದೆ, ಮಜವಾಗಿಯೂ ಇದೆ.

ಇಲ್ಲಿ ಒಂದು ಅಡ್ಡ ಮಾತು. ಹಳೇ ಅಮೆರಿಕದ ಪಶ್ಚಿಮದಲ್ಲಿದ್ದ ನಿಜವಾದ ಊರುಗಳಲ್ಲಿ ಕಾನೂನು ಇತ್ತು, ಸಿನಿಮಾದಲ್ಲಿ ತೋರಿಸುವುದಕ್ಕಿಂತ ಜಾಸ್ತಿ ಇತ್ತು. ಡಾಡ್ಜ್ ಸಿಟಿಯಲ್ಲಿ ಊರೊಳಗೆ ಬಂದೂಕು ಹಿಡಿದು ಓಡಾಡುವಂತಿರಲಿಲ್ಲ. ಹಾಗಂತ ಬೀದಿಯಲ್ಲೇ ಬೋರ್ಡು ಹಾಕಿದ್ದರು. ಟೂಂಬ್‌ಸ್ಟೋನ್‌ನಲ್ಲೂ ಅಂಥದೇ ನಿಯಮ. 1881ರ ಅಕ್ಟೋಬರ್ 26ರ ಓ.ಕೆ. ಕೊರಲ್ ಗುಂಡಿನ ಕಾಳಗ ಶುರುವಾದದ್ದೇ ಆ ನಿಯಮದ ಹೆಸರಿನಲ್ಲಿ ಆಯುಧ ಕಿತ್ತುಕೊಳ್ಳಲು ಹೋದಾಗ. ಕ್ಯಾನ್ಸಸ್‌ನ ಐದು ದನದ ವ್ಯಾಪಾರದ ಊರುಗಳಲ್ಲಿ 1870ರಿಂದ 1885ರವರೆಗೆ ನಡೆದ ಕೊಲೆಗಳನ್ನು ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಎಣಿಸಿದ್ದಾರೆ. ಸಿಕ್ಕಿದ್ದು ಒಟ್ಟು 45. ಅಷ್ಟು ಹೆಣ ಒಂದು ಸಾಧಾರಣ ಬಿ ಸಿನಿಮಾದಲ್ಲಿ ಮಧ್ಯಂತರದೊಳಗೆ ಬೀಳುತ್ತವೆ.

ಹಾಗಾಗಿ ನನಗೆ ಹಿಡಿಸುವುದು ಕಾನೂನು ಇಲ್ಲದ ಊರಿಗಿಂತ ಕಾನೂನನ್ನು ಯಾರೋ ಕೊಂಡುಕೊಂಡ ಊರು. ನಮ್ಮ ಹಳೇ ಸಿನಿಮಾಗಳ ಸಾಹುಕಾರ ಇದ್ದಾನಲ್ಲ, ಪೊಲೀಸನೂ ಅವನವನೇ, ಶಾನುಭೋಗನೂ ಅವನವನೇ, ಆ ಥರ. ಇದರಲ್ಲಿ ನನ್ನ ಮೊದಲ ಆಯ್ಕೆ 1958ರ 'ಬ್ಯುಕ್ಯಾನನ್ ರೈಡ್ಸ್ ಅಲೋನ್'. ನಿರ್ದೇಶಕ ಬಡ್ ಬೆಟ್ಟಿಕರ್, ಹೀರೋ ರ‍್ಯಾಂಡಾಲ್ಫ್ ಸ್ಕಾಟ್. ಕೊಲಂಬಿಯಾ ಕಂಪನಿಯದ್ದಾದರೂ ಸಣ್ಣ ಸಿನಿಮಾ, ಒಂದೂಕಾಲು ಗಂಟೆ ಚಿಲ್ಲರೆ.

ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋ ಗಡಿಯಲ್ಲಿ ಆಗ್ರಿ ಅಂತ ಊರು. ಊರಿನ ಹೆಸರು ಆಗ್ರಿ, ಆಳುವ ಮನೆತನದ ಹೆಸರೂ ಆಗ್ರಿ. ಅಣ್ಣತಮ್ಮಂದಿರಲ್ಲಿ ಒಬ್ಬ ಜಡ್ಜ್, ಒಬ್ಬ ಶೆರಿಫ್, ಇನ್ನೊಬ್ಬ ಹೋಟೆಲ್ ಮಾಲೀಕ. ಮೆಕ್ಸಿಕೋದಲ್ಲಿ ದುಡಿದು ಎರಡು ಸಾವಿರ ಡಾಲರ್ ಕೂಡಿಟ್ಟುಕೊಂಡು ಟೆಕ್ಸಸ್‌ಗೆ ಹೊರಟ ಬ್ಯುಕ್ಯಾನನ್ ದಾರಿಯಲ್ಲಿ ಈ ಊರಿಗೆ ಬರುತ್ತಾನೆ. ರೂಮಿಗೆ ಹತ್ತು ಡಾಲರ್. ಊಟಕ್ಕೂ ಹತ್ತು ಡಾಲರ್. ಏನು ಕೇಳಿದರೂ ಹತ್ತು ಡಾಲರ್. ಅವನು ನಗುತ್ತ ಕೊಡುತ್ತಾ ಹೋಗುತ್ತಾನೆ. ಇಷ್ಟರಲ್ಲಿ ಜಡ್ಜ್‌ನ ಮಗನನ್ನು ಒಬ್ಬ ಮೆಕ್ಸಿಕನ್ ಹುಡುಗ ಕೊಲ್ಲುತ್ತಾನೆ. ತಂಗಿಗೆ ಆದ ಅನ್ಯಾಯಕ್ಕೆ ಸೇಡು. ಆ ಹುಡುಗನಿಗೆ ಹೊಡೆಯುವುದನ್ನು ತಡೆಯಲು ಹೋದ ಬ್ಯುಕ್ಯಾನನ್ ಕೂಡ ಜೈಲಿಗೆ.

ಇಲ್ಲಿಂದ ಕತೆ ಮಜಾ ತೆಗೆದುಕೊಳ್ಳುತ್ತದೆ. ಹುಡುಗನ ಮನೆಯವರು ದೊಡ್ಡ ಶ್ರೀಮಂತರು ಅಂತ ಗೊತ್ತಾದ ಕೂಡಲೇ ಜಡ್ಜ್‌ಗೆ ಮಗ ಸತ್ತ ದುಃಖ ಹಿಂದೆ ಸರಿಯುತ್ತದೆ. ಐವತ್ತು ಸಾವಿರ ಡಾಲರ್ ಕೊಟ್ಟರೆ ಬಿಡುತ್ತೇನೆ ಅನ್ನುತ್ತಾನೆ. ಶೆರಿಫ್‌ಗೂ ಅದರ ಮೇಲೆ ಕಣ್ಣು. ಹೋಟೆಲಿನವನು ದಪ್ಪ ಆಸಾಮಿ. ಇವನ ಗುಟ್ಟು ಅವನಿಗೆ, ಅವನ ಗುಟ್ಟು ಇವನಿಗೆ ಮುಟ್ಟಿಸುತ್ತ ಏದುಸಿರು ಬಿಡುತ್ತ ಬೀದಿಯುದ್ದಕ್ಕೂ ಓಡುತ್ತಿರುತ್ತಾನೆ. ಆ ಓಟ ನೋಡಿದರೇ ಊರಿನ ಆಡಳಿತ ಹೇಗೆ ನಡೆಯುತ್ತದೆ ಅಂತ ಅರ್ಥವಾಗುತ್ತದೆ. ಕೊನೆಗೆ ದುಡ್ಡಿನ ಚೀಲ ಸೇತುವೆ ನಡುವೆ ಬಿದ್ದಿರುತ್ತದೆ, ಎರಡೂ ಕಡೆ ಅಣ್ಣತಮ್ಮಂದಿರು ಬಂದೂಕು ಹಿಡಿದಿರುತ್ತಾರೆ. ಇಷ್ಟಕ್ಕೆ ಬೇಕಾದದ್ದು ಒಂದು ಬೀದಿ, ಒಂದು ಜೈಲು, ಒಂದು ಸೇತುವೆ. ಹೀರೋ ಹೆಚ್ಚು ಕಾಲ ಏನೂ ಮಾಡುವುದಿಲ್ಲ. ಊರೇ ತನ್ನನ್ನು ತಾನು ತಿಂದುಕೊಳ್ಳುತ್ತದೆ.

ಅದೇ 1958ರ 'ಟೆರರ್ ಇನ್ ಎ ಟೆಕ್ಸಸ್ ಟೌನ್' ಇದಕ್ಕಿಂತ ಬಡ ಸಿನಿಮಾ. ಹತ್ತು ದಿನದ ಶೂಟಿಂಗ್, ಸುಮಾರು 80,000 ಡಾಲರ್ ಖರ್ಚು. ಜೋಸೆಫ್ ಎಚ್. ಲೂಯಿಸ್ ನಿರ್ದೇಶಿಸಿದ ಕೊನೆಯ ಸಿನಿಮಾ ಇದು. ಮೊದಲ ದೃಶ್ಯದಲ್ಲೇ ಒಬ್ಬ ಮನುಷ್ಯ ತಿಮಿಂಗಿಲ ಹೊಡೆಯುವ ಈಟಿ ಹೆಗಲ ಮೇಲಿಟ್ಟುಕೊಂಡು ಖಾಲಿ ಬೀದಿಯಲ್ಲಿ ಬರುತ್ತಾನೆ. ಎದುರಿಗೆ ಪಿಸ್ತೂಲಿನವನು. ಟೆಕ್ಸಸ್‌ನಲ್ಲಿ ಈಟಿ ಹೇಗೆ ಬಂತು ಅಂತ ಸಿನಿಮಾ ಹಿಂದಕ್ಕೆ ಹೋಗಿ ಹೇಳುತ್ತದೆ. ನೆಲದಡಿ ಎಣ್ಣೆ ಇದೆ ಅಂತ ಗೊತ್ತಾದ ಒಬ್ಬ ಶ್ರೀಮಂತ ರೈತರ ಜಮೀನು ಕಬಳಿಸುತ್ತಿದ್ದಾನೆ. ಬಿಡದವರನ್ನು ಕೊಲ್ಲಿಸುತ್ತಾನೆ. ಹಾಗೆ ಸತ್ತ ಸ್ವೀಡಿಷ್ ಮುದುಕನ ಮಗ, ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದವನು, ಊರಿಗೆ ಬರುತ್ತಾನೆ. ಆ ಪಾತ್ರ ಸ್ಟರ್ಲಿಂಗ್ ಹೇಡನ್‌ದು.

ಆದರೆ ನನಗೆ ಉಳಿದದ್ದು ಹೀರೋ ಅಲ್ಲ, ಪಕ್ಕದ ಹೊಲದ ಮೆಕ್ಸಿಕನ್ ರೈತ. ಕೊಲೆಯನ್ನು ಕಣ್ಣಾರೆ ಕಂಡಿದ್ದಾನೆ. ಹೆಂಡತಿ ಮಕ್ಕಳ ಭಯಕ್ಕೆ ಬಾಯಿ ಬಿಡುವುದಿಲ್ಲ. ಕೊನೆಗೆ ಬಾಯಿ ಬಿಟ್ಟಾಗ ಕೊಲೆಗಾರ ಬಂದು ಎದುರು ನಿಲ್ಲುತ್ತಾನೆ. ರೈತ ಹೆದರುವುದಿಲ್ಲ. ಗುಂಡು ಹಾರಿಸಿದ ಮೇಲೂ ಕೊಲೆಗಾರನಿಗೆ ಅದೇ ಕೊರೆಯುತ್ತದೆ. ಈ ಕತೆ ಬರೆದವನು ಡಾಲ್ಟನ್ ಟ್ರಂಬೋ. ಕಮ್ಯುನಿಸ್ಟ್ ಅಂತ ಹಾಲಿವುಡ್ಡಿನ ಕಪ್ಪುಪಟ್ಟಿಗೆ, ಅಂದರೆ ಕೆಲಸ ಕೊಡಬಾರದವರ ಪಟ್ಟಿಗೆ, ಸೇರಿದ್ದವನು, ಪರದೆಯ ಮೇಲೆ ಬೇರೆಯವರ ಹೆಸರು ಹಾಕಿಸಬೇಕಾಯಿತು. ಕೊಲೆಗಾರನ ಪಾತ್ರ ಮಾಡಿದ ನೆಡ್ರಿಕ್ ಯಂಗ್ ಕೂಡ ಅದೇ ಪಟ್ಟಿಯಲ್ಲಿದ್ದವನು. ಸಾಕ್ಷಿ ಹೇಳಲು ಹೆದರುವ ಊರಿನ ಕತೆ ಅವರಿಗೆ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ರೋಜರ್ ಕಾರ್ಮನ್‌ನ 1956ರ 'ಗನ್‌ಸ್ಲಿಂಗರ್' ಅಷ್ಟು ಒಳ್ಳೇ ಸಿನಿಮಾ ಅಲ್ಲ. ಆರು ದಿನದಲ್ಲಿ ತೆಗೆದದ್ದು, ಅದರಲ್ಲೂ ಬಿಡದೆ ಮಳೆ. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಇಲ್ಲಿ ಗಂಡನನ್ನು ಕೊಂದಾಗ ಅವನ ಬ್ಯಾಡ್ಜ್ ಹಾಕಿಕೊಂಡು ಮಾರ್ಷಲ್, ಅಂದರೆ ಊರಿನ ಪೊಲೀಸ್ ಅಧಿಕಾರಿ, ಆಗುವುದು ಹೆಂಡತಿ. ಅವಳ ಎದುರಾಳಿ, ಸಲೂನ್ ನಡೆಸುವವಳೂ ಹೆಂಗಸೇ. ದೊಡ್ಡ ಸ್ಟುಡಿಯೋದವರು ಇಂಥದಕ್ಕೆ ಹತ್ತು ಸಲ ಯೋಚಿಸುತ್ತಿದ್ದರು. ಕಳೆದುಕೊಳ್ಳಲು ಏನೂ ಇಲ್ಲದವನು ಮಾಡಿಬಿಟ್ಟ.

ಇನ್ನು ಇಟಲಿ. 1964ರ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಇವತ್ತು ದೊಡ್ಡ ಹೆಸರು. ಆಗ ಅದು ಸುಮಾರು ಎರಡು ಲಕ್ಷ ಡಾಲರಿನ ಸಿನಿಮಾ. ಕ್ಲಿಂಟ್ ಈಸ್ಟ್‌ವುಡ್‌ಗೆ ಸಿಕ್ಕಿದ್ದು 15,000. ಊರಿನ ಸೆಟ್ಟು ಸ್ಪೇನ್‌ನಲ್ಲಿ ಬೇರೆ ಸಿನಿಮಾಗೆ ಕಟ್ಟಿದ್ದು. ಟೆಕ್ನಿಸ್ಕೋಪ್ ಅನ್ನುವ ಪದ್ಧತಿಯಲ್ಲಿ ಶೂಟ್ ಮಾಡಿದರು. ಮಾಮೂಲಿ ಫಿಲ್ಮಿನ ಒಂದು ಚೌಕಟ್ಟಿಗೆ ಅಂಚಿನ ನಾಲ್ಕು ತೂತಿನಷ್ಟು ಉದ್ದ ಬೇಕು, ಇದರಲ್ಲಿ ಎರಡೇ ಸಾಕು. ನೆಗೆಟಿವ್ ಖರ್ಚು ಅರ್ಧಕ್ಕರ್ಧ ಉಳಿತಾಯ, ಚಿತ್ರವೂ ಅಗಲ. ಮಾತುಗಳನ್ನು ಆಮೇಲೆ ಡಬ್ ಮಾಡಿಕೊಂಡರು. ಆ ಊರಲ್ಲಿ ಯಾಕೆ ಜನ ಇಲ್ಲ ಅನ್ನುವುದಕ್ಕೆ ಕತೆಯಲ್ಲೇ ಉತ್ತರ ಇದೆ: ಎರಡು ಮನೆತನಗಳ ಜಗಳದಲ್ಲಿ ಗಂಡಸರು ಸತ್ತಿದ್ದಾರೆ, ಉಳಿದವರು ವಿಧವೆಯರು. ವ್ಯಾಪಾರ ನಡೆಯುತ್ತಿರುವುದು ಶವಪೆಟ್ಟಿಗೆ ಮಾಡುವವನಿಗೆ ಮಾತ್ರ.

ಸೆರ್ಜಿಯೋ ಕೊರ್ಬೂಚಿಯ 1966ರ 'ಜಾಂಗೋ' ಇನ್ನೂ ಒಂದು ಹೆಜ್ಜೆ ಮುಂದೆ. ಊರೆಲ್ಲ ಕೆಸರು, ಹೀರೋ ಶವಪೆಟ್ಟಿಗೆ ಎಳೆದುಕೊಂಡು ಬರುತ್ತಾನೆ. ಈ ಸಿನಿಮಾದ ರೌಡಿಗಳು ಕೆಂಪು ಮುಖಗವಸು ಹಾಕಿರುತ್ತಾರೆ. ಬೇಕಾದಂಥ ಮುಖದ ಎಕ್ಸ್‌ಟ್ರಾಗಳು ಸಿಗಲಿಲ್ಲ, ಅದಕ್ಕೇ ಮುಚ್ಚಿಸಿದೆವು ಅಂತ ಅದರ ಸಹಾಯಕ ನಿರ್ದೇಶಕ ರುಗ್ಗೆರೋ ದೆಯೊದಾತೋ ಹೇಳಿಕೊಂಡಿದ್ದಾನೆ. ನೋಡುವಾಗ ಮಾತ್ರ ಮುಖ ಕಾಣದ ಆ ಗುಂಪೇ ಭಯ ಹುಟ್ಟಿಸುತ್ತದೆ. ರಕ್ತ ಜಾಸ್ತಿ ಇದೆ, ಮಕ್ಕಳ ಜೊತೆ ಕೂತು ನೋಡಬೇಡಿ.

ಈ ಇಟಲಿ ಅಲೆ ನಮ್ಮ ಕಡೆಗೂ ಬಂದಿತ್ತು. 1971ರಲ್ಲಿ ತೆಲುಗಿನಲ್ಲಿ ಕೃಷ್ಣ ಅವರ ಕೌಬಾಯ್ ಸಿನಿಮಾ 'ಮೋಸಗಾಳ್ಳಕು ಮೋಸಗಾಡು' ಬಂತು. ಅದನ್ನು ನಿರ್ದೇಶಿಸಿದ ಕೆ.ಎಸ್.ಆರ್. ದಾಸ್ ಅವರೇ ಆಮೇಲೆ ಕನ್ನಡದಲ್ಲಿ 'ಕಳ್ಳ ಕುಳ್ಳ', 'ಕಿಲಾಡಿ ಜೋಡಿ' ಮಾಡಿದವರು.

ನೀವು ಶುರು ಮಾಡುವುದಾದರೆ ಬ್ಯುಕ್ಯಾನನ್‌ನಿಂದ ಮಾಡಿ, ಆಮೇಲೆ ಈಟಿಯವನ ಸಿನಿಮಾ. ಲೋನ್ ಸ್ಟಾರ್‌ನವು ಎರಡು ನೋಡಿದರೆ ಸಾಕು, ಮೇಲೆ ಹೇಳಿದವೇ. ಅವು ಯೂಟ್ಯೂಬ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಆದರೆ ಯಾವ ಪ್ರತಿ ಅಂತ ನೋಡಿ ಆರಿಸಿ. ಕೆಲವಕ್ಕೆ ಬಣ್ಣ ಬಳಿದಿದ್ದಾರೆ, ಕೆಲವಕ್ಕೆ ತುಂಬಾ ವರ್ಷ ಬಿಟ್ಟು ಸಿಂಥಸೈಜರ್ ಸಂಗೀತ ತುರುಕಿದ್ದಾರೆ. ಮೂಲದಲ್ಲಿ ಹಿನ್ನೆಲೆ ಸಂಗೀತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 'ರ‍್ಯಾಂಡಿ'ಯ ಸಲೂನ್ ದೃಶ್ಯದಲ್ಲಿ ಪಿಯಾನೋ ಬಿಟ್ಟು ಬೇರೆ ವಾದ್ಯ ಕೇಳಿಸಿದರೆ ಅಲ್ಲೇ ನಿಲ್ಲಿಸಿ ಬೇರೆ ಪ್ರತಿ ಹುಡುಕಿ.