ಕಣಗಿಲೆ ಎಲೆಯ ಕಷಾಯ ಬೇಡ

ತೀರ್ಥಹಳ್ಳಿಯ ನಿಮ್ಮ ಮನೆಯಂಗಳದ ಕಣಗಿಲೆ ಎಲೆ ಕುದಿಸಿ ಅಪ್ಪಯ್ಯನ ಹೃದಯದ ತೊಂದರೆಗೆ ಕೊಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಕುದಿಸಿದರೂ ಅದರ ವಿಷ ಹೋಗುವುದಿಲ್ಲ. ಹೃದಯದ ಔಷಧಿಗೆ ಹೆಸರಾದ ಹೂವು ಬೇರೆ, ಯುರೋಪಿನ ಫಾಕ್ಸ್‌ಗ್ಲೋವ್. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು; ಅದೇ ಕುಲದ ಗಿಡದಿಂದ ಇಂದಿನ ಹೃದಯದ ಔಷಧಿ ಡಿಗಾಕ್ಸಿನ್ ಬಂದಿದೆ. ಕಣಗಿಲೆಯಲ್ಲಿರುವ ವಿಷ ಒಲಿಯಾಂಡ್ರಿನ್ ಅದರ ದಾಯಾದಿ. ಎರಡೂ ಹೃದಯದ ಜೀವಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು, ಅಂದರೆ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ವ್ಯವಸ್ಥೆಯನ್ನು, ತಡೆಯುತ್ತವೆ. ಡಿಗಾಕ್ಸಿನ್ ಕೂಡ ತುಸು ಹೆಚ್ಚಾದರೆ ಹೃದಯದ ಬಡಿತ ತಾಳ ತಪ್ಪುತ್ತದೆ. ಅದರ ಸಾಮಾನ್ಯ ಮಾತ್ರೆಯೊಂದರಲ್ಲಿ ಇರುವುದೇ 0.25 ಮಿಲಿಗ್ರಾಂ, ಎಲೆಯೊಳಗಿನ ವಿಷವನ್ನು ಯಾವ ಲೋಟದಲ್ಲಿ ಅಳೆಯುತ್ತೀರಿ? ಹೂವನ್ನು ದೇವರಿಗೆ ಏರಿಸಿ, ನಮ್ಮ ಮನೆಯಲ್ಲೂ ಅಷ್ಟೇ. ಸವರಿದ ರೆಂಬೆಗಳನ್ನು ಕೊಟ್ಟಿಗೆಯ ಹತ್ತಿರ ಹಾಕಬೇಡಿ, ದನಗಳಿಗೂ ಅದು ವಿಷ. ಅಪ್ಪಯ್ಯ ಈಗಾಗಲೇ ಕುಡಿದಿದ್ದರೆ, ವಾಂತಿಯಾಗಲಿ ಎಂದು ಕಾಯದೆ ಈಗಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.