ದೇವರು ಕ್ಷಮಿಸಿದ ಮೇಲೂ ಬಿತ್ತಿದ್ದನ್ನು ಕೊಯ್ಯಬೇಕೇ?

ಪಾಲಾಗುವಾಗ ಅಣ್ಣನ ಕಣ್ಣು ತಪ್ಪಿಸಿ ಬಾವಿಯಿರುವ ಹೊಲವನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡದ್ದಾಗಿಯೂ, ಆಮೇಲೆ ದೇವರ ಮುಂದೆ ಅತ್ತು ಪಾಪಕ್ಷಮೆ ಬೇಡಿದ್ದಾಗಿಯೂ, ಈಗ ನಿಮ್ಮ ಇಬ್ಬರು ಗಂಡುಮಕ್ಕಳು ಅದೇ ಹೊಲದ ವಿಷಯಕ್ಕೆ ಮಾತು ಬಿಟ್ಟಿರುವುದಾಗಿಯೂ ಬರೆದು, ದೇವರು ನಿಜವಾಗಿ ಕ್ಷಮಿಸಿದ್ದರೆ ಈ ಫಲವೇಕೆ ಎಂದು ಕೇಳಿದ್ದೀರಿ. ಕ್ಷಮೆಯೂ ನಿಜ, ಫಲವೂ ನಿಜ. ಎರಡೂ ಒಂದೇ ಬದುಕಿನಲ್ಲಿ ಇರಬಲ್ಲವು ಎಂಬುದು ನನ್ನ ಉತ್ತರ.

ಮನುಷ್ಯನು ಬಿತ್ತಿದ್ದನ್ನೇ ಕೊಯ್ಯುವನೆಂದು ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಹೇಳುವಾಗ, ನಮ್ಮ ಕಿವಿಗೆ ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆ ಅದರ ಚುಚ್ಚಿನ ಸಮೇತ ಕೇಳಿಸುತ್ತದೆ. ಪೌಲನು ಮಾತ್ರ ಹೊಲದ ಮಾತನ್ನಾಡುತ್ತಿದ್ದಾನೆ. ದಂಡವನ್ನು ಮನ್ನಾ ಮಾಡಿದರೆ ಅದು ಅಲ್ಲಿಗೇ ಮುಗಿಯುತ್ತದೆ. ಬೀಜವಾದರೋ ನೆಲಕ್ಕೆ ಬಿದ್ದ ಮೇಲೆ, ಬಿತ್ತಿದವನು ಮರೆತರೂ ಮರುಗಿದರೂ, ತನ್ನ ಜಾತಿಯ ಪೈರನ್ನೇ ಎಬ್ಬಿಸುತ್ತದೆ.

ನಿಮ್ಮ ಪತ್ರವನ್ನು ಓದಿದಾಗ ನನಗೆ ನೆನಪಾದವನು ಯಾಕೋಬ. ಆದಿಕಾಂಡದ 27ನೆಯ ಅಧ್ಯಾಯದಲ್ಲಿ ಅವನು ಅಣ್ಣ ಏಸಾವನ ಬಟ್ಟೆ ತೊಟ್ಟು, ಆಡಿನ ಮರಿಗಳ ಚರ್ಮವನ್ನು ಕೈಗೂ ಕೊರಳಿಗೂ ಸುತ್ತಿಕೊಂಡು, ಕಣ್ಣು ಮಂಜಾಗಿದ್ದ ತಂದೆಯಿಂದ ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಪಡೆದುಕೊಳ್ಳುತ್ತಾನೆ. ಅಣ್ಣನ ಸಿಟ್ಟಿಗೆ ಹೆದರಿ ಓಡಿಹೋಗುವ ದಾರಿಯಲ್ಲಿ, ಬೇತೇಲೆಂಬ ಸ್ಥಳದಲ್ಲಿ, ದೇವರು ಅವನನ್ನು ಗದರಿಸುವುದಿಲ್ಲ. ನಿನ್ನ ಸಂಗಡ ಇರುತ್ತೇನೆಂದು ಮಾತು ಕೊಡುತ್ತಾನೆ. ಆ ಮಾತು ಕೈಯಲ್ಲಿದ್ದೂ ಯಾಕೋಬನು ತಾಯಿಯ ಅಣ್ಣ ಲಾಬಾನನಿಂದ ಮೋಸಹೋಗುತ್ತಾನೆ: ಅವನ ಕಿರಿಯ ಮಗಳು ರಾಹೇಲಳಿಗಾಗಿ 7 ವರ್ಷ ದುಡಿದವನಿಗೆ ಕತ್ತಲಲ್ಲಿ ಹಿರಿಯ ಮಗಳು ಲೇಯಳನ್ನು ಕೊಟ್ಟು, ಹಿರಿಯಳಿರುವಾಗ ಕಿರಿಯಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎನ್ನುತ್ತಾನೆ ಮಾವ. ಹಿರಿಯನ ಪಾಲನ್ನು ಕಿತ್ತುಕೊಂಡು ಬಂದವನಿಗೆ ಆ ಮಾತು ಎಲ್ಲಿ ತಾಗಿರಬೇಕೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಕೆಲವು ದಿನ ಅಲ್ಲಿರು ಎಂದು ತಾಯಿ ಕಳಿಸಿದ್ದಳು. ಅದು 20 ವರ್ಷವಾಯಿತು. ತಾಯಿ ಮಗ ಮತ್ತೆ ಭೇಟಿಯಾದ ಮಾತೇ ಸತ್ಯವೇದದಲ್ಲಿ ಬರುವುದಿಲ್ಲ. ಕೊನೆಗೆ ಅವನ ಸ್ವಂತ ಮಕ್ಕಳು ತಮ್ಮನಾದ ಯೋಸೇಫನನ್ನು ಮಾರಿ, ಅವನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ತಂದು, ಇದು ನಿನ್ನ ಮಗನದೋ ಗುರುತಿಸು ಎನ್ನುತ್ತಾರೆ. ಮತ್ತೆ ಆಡು, ಮತ್ತೆ ಬಟ್ಟೆ, ಮತ್ತೆ ಮೋಸಹೋದ ತಂದೆ.

ಇದನ್ನು ಶಾಪವೆಂದು ಕರೆಯಲು ನನಗೆ ಮನಸ್ಸಿಲ್ಲ. ತಂದೆ ಇಸಾಕನಿಗೆ ಏಸಾವನ ಮೇಲೆ ಪ್ರೀತಿ, ತಾಯಿ ರೆಬೆಕ್ಕಳಿಗೆ ಯಾಕೋಬನ ಮೇಲೆ. ಆ ಪಕ್ಷಪಾತದಲ್ಲಿ ಬೆಳೆದವನು ತಾನೂ ಯೋಸೇಫನೊಬ್ಬನಿಗೇ ವಿಶೇಷವಾದ ಅಂಗಿಯನ್ನು ಹೊಲಿಸಿದನು. ಮನೆಯಲ್ಲಿ ಕಂಡದ್ದನ್ನು ಮಕ್ಕಳು ಕಲಿತರು, ಅಷ್ಟೇ. ನಿಮ್ಮ ಮಕ್ಕಳೂ ಒಡಹುಟ್ಟಿದವರಿಗಿಂತ ಹೊಲ ದೊಡ್ಡದೆಂಬುದನ್ನು ನಿಮ್ಮ ಮನೆಯಲ್ಲಿಯೇ ಕಲಿತಿರಬಹುದು. ಕಟುವಾಗಿ ಬರೆದಿದ್ದರೆ ಮನ್ನಿಸಿ. ಆದರೆ ಈ ಲೆಕ್ಕವನ್ನು ಹಿಂದುಮುಂದಾಗಿಸಿ, ಕಷ್ಟ ಕಂಡಲ್ಲೆಲ್ಲ ಪಾಪವನ್ನು ಹುಡುಕಲು ಹೋಗಬೇಡಿ. ಹುಟ್ಟುಕುರುಡನನ್ನು ಕಂಡು ಇವನ ಪಾಪವೋ ತಂದೆತಾಯಿಗಳದೋ ಎಂದು ಕೇಳಿದ ಶಿಷ್ಯರಿಗೆ, ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ, ಯೇಸು ಎರಡೂ ಅಲ್ಲವೆಂದನು.

ಯಾಕೋಬನು ಹಿಂದಿರುಗುವಾಗ ಏಸಾವನು 400 ಜನರೊಂದಿಗೆ ಎದುರು ಬರುತ್ತಿರುವ ಸುದ್ದಿ ಸಿಗುತ್ತದೆ. ಅಣ್ಣ ಕ್ಷಮಿಸುವನೋ ಕೊಲ್ಲುವನೋ ತಿಳಿಯದಿರುವಾಗಲೇ ಅವನು ಕಾಣಿಕೆಯಾಗಿ ಹಿಂಡುಗಳನ್ನು ಮುಂದೆ ಕಳಿಸುತ್ತಾನೆ, ಆ ಪಟ್ಟಿಯಲ್ಲಿ ಮೊದಲಿರುವವು 200 ಆಡುಗಳು. ಸ್ವೀಕರಿಸು ಎಂದು ಒತ್ತಾಯಿಸುವಾಗ ಕಾಣಿಕೆಗೆ ಅವನು ಬಳಸುವ ಹೀಬ್ರೂ ಪದದ ಅರ್ಥ ಆಶೀರ್ವಾದವೆಂದೇ. ಕದ್ದದ್ದನ್ನು ಹೆಸರು ಹಿಡಿದು ಹಿಂದಿರುಗಿಸಿದಂತೆ. ಆದ್ದರಿಂದ ಆ ಬಾವಿಯ ಹೊಲದ ಪಾಲನ್ನು ಅಣ್ಣನವರ ಹೆಸರಿಗೆ ಬರೆದುಕೊಡುವ ಮಾತನ್ನು, ಅವರು ಮಾತನಾಡಿಸುತ್ತಾರೋ ಇಲ್ಲವೋ ಎಂದು ಕಾಯದೆ, ನೀವೇ ಹೋಗಿ ಎತ್ತಿರಿ. ಅದರಿಂದ ಮನೆಯ ಜಗಳ ನಾಳೆಯೇ ನಿಲ್ಲುತ್ತದೆಂದು ನಾನು ಹೇಳಲಾರೆ. ರಕ್ತದಲ್ಲಿ ಅದ್ದಿದ ಅಂಗಿ ಯಾಕೋಬನ ಮನೆಗೆ ಬಂದದ್ದು ಅಣ್ಣತಮ್ಮಂದಿರು ಅಪ್ಪಿಕೊಂಡು ಅತ್ತ ಮೇಲೆಯೇ.

ಹೋಗುವಾಗ ಸಾಧ್ಯವಾದರೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ. ಯಾಕೋಬನು ಏಸಾವನ ಮುಂದೆ 7 ಸಾರಿ ನೆಲದ ತನಕ ಬಗ್ಗಿದಾಗ ಹಿಂದೆ ತಾಯಿಯ ಜೊತೆ ಬರುತ್ತಿದ್ದ ಚಿಕ್ಕ ಹುಡುಗ ಯೋಸೇಫ. ಮುಂದೊಂದು ದಿನ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ತನ್ನನ್ನು ಮಾರಿದ ಅಣ್ಣಂದಿರನ್ನು ತಬ್ಬಿಕೊಂಡು ಅತ್ತವನೂ ಅವನೇ.